ಪುಕ್ಕಟೆ ಸರಕಿಗಾಗಿ ಮೂರು ದಶಕಗಳ ಕಾದಾಟ

1997ರ ಸೆಪ್ಟೆಂಬರ್ ತಿಂಗಳ ಕೊನೆಯ ದಿನ ಮೈಕ್ರೋಸಾಫ್ಟ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ನಾಲ್ಕನೆಯ ಆವೃತ್ತಿಯನ್ನು ಅದ್ದೂರಿಯಾಗಿ ಬಿಡುಗಡೆ ಮಾಡಿತು. ಆ ರಾತ್ರಿ ಪಾರ್ಟಿ ಮುಗಿಸಿದ ಕೆಲವು ಉದ್ಯೋಗಿಗಳಿಗೆ ಕಿಡಿಗೇಡಿತನವೊಂದು ಹೊಳೆಯಿತು. ತಮ್ಮ ಬ್ರೌಸರ್‌ನ ಗುರುತಾದ ‘ಇ’ ಅಕ್ಷರದ ಆಳೆತ್ತರ ಮೀರಿದ ಪ್ರತಿಕೃತಿಯನ್ನು ಸಾಗಿಸಿಕೊಂಡು ಹೋಗಿ, ಮೌಂಟನ್ ವ್ಯೂನಲ್ಲಿದ್ದ ಎದುರಾಳಿ ನೆಟ್‌ಸ್ಕೇಪ್ ಕಚೇರಿಯ ಮುಂದಿನ ಹುಲ್ಲುಹಾಸಿನಲ್ಲಿ ನಿಲ್ಲಿಸಿ ಬಂದರು. ನೆಟ್‌ಸ್ಕೇಪ್‌ನವರು ಸುಮ್ಮನೆ ಬಿಡುವ ಪೈಕಿಯವರಲ್ಲ. ಅದನ್ನು ಅಡ್ಡ ಕೆಡವಿ, ಮೇಲೆ ತಮ್ಮ ಲಾಂಛನವಾದ ಮೊಜಿಲ್ಲಾ ಎಂಬ ಡೈನೋಸಾರ್ ಗೊಂಬೆಯನ್ನು ಹತ್ತಿಸಿದರು. ಗೊಂಬೆಯ ಜೊತೆಗೊಂದು ಫಲಕ: ‘ನೆಟ್‌ಸ್ಕೇಪ್ 72, ಮೈಕ್ರೋಸಾಫ್ಟ್ 18’. ಅದು ಅಂದಿನ ಮಾರುಕಟ್ಟೆಯಲ್ಲಿ ಇಬ್ಬರಿಗಿದ್ದ ಶೇಕಡಾವಾರು ಪಾಲು.

ಮೂರು ವರ್ಷ ತುಂಬುವುದರೊಳಗೆ ಆ ಅಂಕಿಗಳು ತಿರುವುಮುರುವಾದವು.

ಬ್ರೌಸರ್ ಎಂಬುದು ವಿಚಿತ್ರ ಸರಕು. ಬಳಸುವವರು ಅದಕ್ಕೆ ಬಿಡಿಗಾಸನ್ನೂ ಕೊಡುವುದಿಲ್ಲ. ಆದರೂ ಅದಕ್ಕಾಗಿ ಕಂಪನಿಗಳು ಕೋಟಿಗಟ್ಟಲೆ ಡಾಲರ್ ಸುರಿದಿವೆ, ಸರ್ಕಾರಗಳು ಕೋರ್ಟಿಗೆ ಹೋಗಿವೆ, ಹೆಸರಾಂತ ಉದ್ಯಮಗಳು ಮಣ್ಣುಮುಕ್ಕಿವೆ. ಈ ಮೂರು ದಶಕಗಳ ಕಥೆಯನ್ನು ಒಟ್ಟಾಗಿ ಹಿಡಿದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಒಳ್ಳೆಯದೆಂಬ ಒಂದೇ ಕಾರಣಕ್ಕೆ ಗೆದ್ದ ಬ್ರೌಸರ್ ಅಪರೂಪ. ಕಂಪ್ಯೂಟರ್ ಅಥವಾ ಫೋನಿನ ಜೊತೆಗೇ ಬಂದು ಕೂತದ್ದು ಗೆದ್ದದ್ದೇ ಹೆಚ್ಚು. ಗೆದ್ದವರು ಮೈಮರೆತು ಮಲಗಿದಾಗ ಮಾತ್ರ ಗುಣಕ್ಕೆ ಬೆಲೆ ಬಂದಿದೆ.

ಮೊದಲ ಬ್ರೌಸರ್ ಬರೆದವರಿಗೆ ಗೆಲುವು ಸೋಲಿನ ಯೋಚನೆಯೇ ಇರಲಿಲ್ಲ. ಜಿನೀವಾ ಸಮೀಪದ ಸರ್ನ್ ಪರಮಾಣು ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ, ಸಂಸ್ಥೆಯ ದಾಖಲೆಗಳನ್ನೆಲ್ಲ ಒಂದಕ್ಕೊಂದು ಕೊಂಡಿ ಹಾಕಿ ಇಡುವ ಯೋಜನೆಯೊಂದನ್ನು ಮೇಲಧಿಕಾರಿ ಮೈಕ್ ಸೆಂಡಾಲ್‌ಗೆ ಕೊಟ್ಟರು. ಅಸ್ಪಷ್ಟವಾಗಿದೆ, ಆದರೆ ರೋಮಾಂಚಕವಾಗಿದೆ ಎಂಬರ್ಥದ ಷರಾ ಬರೆದು ಸೆಂಡಾಲ್ ಅದನ್ನು ಇಟ್ಟುಕೊಂಡರು. 1990ರ ಕೊನೆಗೆ ನೆಕ್ಸ್ಟ್ ಕಂಪ್ಯೂಟರಿನ ಮೇಲೆ ‘ವರ್ಲ್ಡ್‌ವೈಡ್‌ವೆಬ್’ ಎಂಬ ಬ್ರೌಸರ್ ಓಡತೊಡಗಿತು. ಅದರಲ್ಲಿ ಪುಟವನ್ನು ಓದುವುದಷ್ಟೇ ಅಲ್ಲ, ಅಲ್ಲಿಯೇ ತಿದ್ದಿ ಬರೆಯುವುದಕ್ಕೂ ಅವಕಾಶವಿತ್ತು. ಓದುವವನೂ ಬರೆಯುವವನೂ ಒಬ್ಬನೇ ಆಗಿರಬೇಕೆಂಬುದು ಬರ್ನರ್ಸ್-ಲೀ ಕನಸು. ಮುಂದೆ ಬಂದ ಜನಪ್ರಿಯ ಬ್ರೌಸರ್‌ಗಳು ಬರೆಯುವ ಭಾಗವನ್ನು ಕೈಬಿಟ್ಟು ಓದುವುದನ್ನಷ್ಟೇ ಉಳಿಸಿಕೊಂಡವು. ಈ ನಷ್ಟದ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ.

1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ವೆಬ್ಬಿನ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿತು. ಆ ಹೊತ್ತಿಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ಗಂಟೆಗೆ ಏಳು ಡಾಲರಿಗಿಂತ ಕಡಿಮೆ ಕೂಲಿಗೆ ದುಡಿಯುತ್ತಿದ್ದ ವಿದ್ಯಾರ್ಥಿ ಮಾರ್ಕ್ ಆಂಡ್ರೀಸನ್ ಮತ್ತು ಅಲ್ಲಿನ ಪ್ರೋಗ್ರಾಮರ್ ಎರಿಕ್ ಬೀನಾ ಸೇರಿ ಮೊಸೈಕ್ ಎಂಬ ಬ್ರೌಸರ್ ಬರೆದಿದ್ದರು. ಅದಕ್ಕೂ ಮೊದಲು ಬಹುತೇಕ ಬ್ರೌಸರ್‌ಗಳಲ್ಲಿ ಚಿತ್ರ ಬೇಕೆಂದರೆ ಪ್ರತ್ಯೇಕ ಕಿಟಕಿ ತೆರೆಯಬೇಕಿತ್ತು. ಮೊಸೈಕ್‌ನಲ್ಲಿ ಚಿತ್ರ ಅಕ್ಷರಗಳ ನಡುವೆಯೇ ಕಾಣಿಸಿಕೊಂಡಿತು. ಪುಟವೆಂಬುದು ಪತ್ರಿಕೆಯ ಪುಟದಂತೆ ಕಂಡದ್ದು ಆಗಲೇ. ವಿಂಡೋಸ್ ಕಂಪ್ಯೂಟರಿಗೆ ಮೊಸೈಕ್ ಬಂದ ಮೇಲಂತೂ ವೆಬ್ ಎಂಬುದು ವಿಜ್ಞಾನಿಗಳ ಕೋಣೆಯಿಂದ ಹೊರಗೆ ಕಾಲಿಟ್ಟಿತು.

ಸಿಲಿಕಾನ್ ಗ್ರಾಫಿಕ್ಸ್ ಸ್ಥಾಪಿಸಿ ಹೊರಬಂದಿದ್ದ ಜಿಮ್ ಕ್ಲಾರ್ಕ್ ಕೈಯಲ್ಲಿ ಹಣವಿತ್ತು, ಹೊಸ ಉದ್ಯಮಕ್ಕಾಗಿ ಹುಡುಕಾಟವಿತ್ತು. ಅವರೂ ಆಂಡ್ರೀಸನ್ನರೂ ಕೈಜೋಡಿಸಿ 1994ರ ಏಪ್ರಿಲ್‌ನಲ್ಲಿ ಕಂಪನಿ ತೆರೆದರು. ಇಲಿನಾಯ್‌ನಿಂದ ಮೊಸೈಕ್ ತಂಡದ ಹುಡುಗರನ್ನು ಸಾಲುಸಾಲಾಗಿ ಕರೆತಂದರು. ಕಂಪನಿಯ ಮೊದಲ ಹೆಸರಿನಲ್ಲೂ ‘ಮೊಸೈಕ್’ ಇತ್ತು. ವಿಶ್ವವಿದ್ಯಾಲಯ ತಕರಾರು ತೆಗೆದದ್ದರಿಂದ ಅದು ನೆಟ್‌ಸ್ಕೇಪ್ ಆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್‌ನ ಮೊದಲ ಆವೃತ್ತಿ ಹೊರಬಂತು.

ಇಂದಿಗೂ ನಾವು ಬಳಸುವ ವೆಬ್ಬಿನ ಅರ್ಧ ಅಡಿಪಾಯ 1994-95ರ ಎರಡು ವರ್ಷಗಳಲ್ಲಿ, ಈ ಒಂದೇ ಕಂಪನಿಯಲ್ಲಿ ಬಿದ್ದದ್ದು. ಅಂಗಡಿ ತಾಣಕ್ಕೆ ನಿಮ್ಮ ನೆನಪಿರುವಂತೆ ಮಾಡುವ ಕುಕಿ ಎಂಬ ಪುಟ್ಟ ಕಡತವನ್ನು ಲೂ ಮೊಂಟುಲಿ 1994ರಲ್ಲಿ ರೂಪಿಸಿದರು. ಕ್ರೆಡಿಟ್ ಕಾರ್ಡ್ ಸಂಖ್ಯೆಯನ್ನು ಕದಿಯಲಾಗದಂತೆ ಕಳಿಸುವ ಎಸ್‌ಎಸ್‌ಎಲ್ ವಿಧಾನ ಅಲ್ಲೇ ಹುಟ್ಟಿತು. ಬ್ಯಾಂಕಿನ ತಾಣದ ವಿಳಾಸದ ಮುಂದೆ ಕಾಣುತ್ತಿದ್ದ ಬೀಗದ ಚಿತ್ರ ಅದರ ಸಂತಾನ. 1995ರ ಮೇ ತಿಂಗಳಲ್ಲಿ ಬ್ರೆಂಡನ್ ಐಕ್ ಎಂಬ ಪ್ರೋಗ್ರಾಮರ್ ಹತ್ತೇ ದಿನಗಳಲ್ಲಿ ಪುಟಗಳಿಗೆ ಜೀವ ತುಂಬುವ ಭಾಷೆಯೊಂದರ ಮೊದಲ ರೂಪ ಬರೆದು ಮುಗಿಸಿದರು. ಮೋಕಾ, ಲೈವ್‌ಸ್ಕ್ರಿಪ್ಟ್ ಎಂದೆಲ್ಲ ಹೆಸರು ಬದಲಿಸಿಕೊಂಡ ಅದು ಕೊನೆಗೆ ಜಾವಾಸ್ಕ್ರಿಪ್ಟ್ ಆಯಿತು. ಅವಸರದಲ್ಲಿ ಉಳಿದುಹೋದ ಅದರ ಓರೆಕೋರೆಗಳನ್ನು ಜಗತ್ತಿನ ಪ್ರೋಗ್ರಾಮರ್‌ಗಳು, ಬೆಂಗಳೂರಿನವರೂ ಸೇರಿದಂತೆ, ಇಂದಿಗೂ ಬೈದುಕೊಳ್ಳುತ್ತಲೇ ಬಳಸುತ್ತಿದ್ದಾರೆ.

1995ರ ಆಗಸ್ಟ್ 9ರಂದು ನೆಟ್‌ಸ್ಕೇಪ್ ಷೇರು ಮಾರುಕಟ್ಟೆಗೆ ಇಳಿಯಿತು. 28 ಡಾಲರಿಗೆ ನಿಗದಿಯಾಗಿದ್ದ ಷೇರು ವಹಿವಾಟು ಶುರುವಾದಾಗಲೇ 71 ಡಾಲರ್ ಮುಟ್ಟಿತು, ಸಂಜೆ 58.25ಕ್ಕೆ ನಿಂತಿತು. ಹದಿನಾರು ತಿಂಗಳ ಕೂಸು, ಲಾಭದ ಮುಖವನ್ನೇ ಸರಿಯಾಗಿ ಕಾಣದ ಕಂಪನಿ, ಒಂದೇ ದಿನದಲ್ಲಿ ಇನ್ನೂರ ತೊಂಬತ್ತು ಕೋಟಿ ಡಾಲರ್ ಬೆಲೆಬಾಳತೊಡಗಿತು. ಡಾಟ್‌ಕಾಂ ಜ್ವರ ಏರಿದ್ದು ಅಂದಿನಿಂದ. ಇದಾದ ಆರನೆಯ ದಿನ, ಆಗಸ್ಟ್ 15ಕ್ಕೆ, ವಿದೇಶ ಸಂಚಾರ ನಿಗಮ ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ಸಂಪರ್ಕ ಕೊಡತೊಡಗಿತು. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತ ಮೊದಲ ತಲೆಮಾರಿನವರಿಗೆ ನೆಟ್‌ಸ್ಕೇಪ್‌ನ ‘ಎನ್’ ಅಕ್ಷರದ ಮೇಲೆ ಉಲ್ಕೆಗಳು ಬೀಳುವುದನ್ನು ನೋಡುತ್ತ ಪುಟಕ್ಕಾಗಿ ಕಾದದ್ದು ನೆನಪಿರಬಹುದು.

ಮೈಕ್ರೋಸಾಫ್ಟ್ ಎಚ್ಚೆತ್ತದ್ದು ತಡವಾಗಿ, ಆದರೆ ಎದ್ದ ರಭಸ ಭಯಂಕರವಾಗಿತ್ತು. 1995ರ ಮೇ 26ರಂದು ಬಿಲ್ ಗೇಟ್ಸ್ ತಮ್ಮ ಹಿರಿಯ ಸಹೋದ್ಯೋಗಿಗಳಿಗೆ ಇಂಟರ್ನೆಟ್ಟನ್ನು ಮಹಾ ಅಲೆಗೆ ಹೋಲಿಸಿದ ಒಂದು ಟಿಪ್ಪಣಿ ಕಳಿಸಿದರು. ನೆಟ್‌ಸ್ಕೇಪ್ ಎಂಬ ಹೊಸ ಎದುರಾಳಿ ಹುಟ್ಟಿದೆ ಎಂಬ ಎಚ್ಚರಿಕೆ ಅದರಲ್ಲಿತ್ತು. ಎಲ್ಲ ತಂತ್ರಾಂಶಗಳೂ ಬ್ರೌಸರ್ ಒಳಗೇ ಓಡುವ ಕಾಲ ಬಂದರೆ ವಿಂಡೋಸ್ ಅನ್ನು ಕೇಳುವವರು ಯಾರು ಎಂಬುದು ಅವರ ಆತಂಕ. ಮೂವತ್ತು ವರ್ಷದ ನಂತರ ನೋಡಿದರೆ ಆ ಆತಂಕ ಬಹುಮಟ್ಟಿಗೆ ನಿಜವಾಗಿದೆ. ಗೇಟ್ಸ್ ಲೆಕ್ಕ ತಪ್ಪಿರಲಿಲ್ಲ. ಅದನ್ನು ತಡೆಯಲು ಹಿಡಿದ ದಾರಿಯೇ ಮುಂದೆ ಕೋರ್ಟಿನ ಮೆಟ್ಟಿಲು ಹತ್ತಿಸಿದ್ದು.

ಸೊನ್ನೆಯಿಂದ ಬ್ರೌಸರ್ ಬರೆಯುವಷ್ಟು ಸಮಯವಿರಲಿಲ್ಲ. ಮೊಸೈಕ್ ಹಕ್ಕು ಪಡೆದಿದ್ದ ಸ್ಪೈಗ್ಲಾಸ್ ಎಂಬ ಕಂಪನಿಯಿಂದ ಮೈಕ್ರೋಸಾಫ್ಟ್ ಆ ತಂತ್ರಾಂಶವನ್ನು ಪಡೆದುಕೊಂಡಿತು. ತ್ರೈಮಾಸಿಕ ಶುಲ್ಕದ ಜೊತೆಗೆ ಬ್ರೌಸರ್ ಮಾರಾಟದಿಂದ ಬರುವ ಆದಾಯದಲ್ಲಿ ಪಾಲು ಕೊಡುವುದೆಂದು ಒಪ್ಪಂದ. ಸ್ಪೈಗ್ಲಾಸ್‌ನವರು ಕುಣಿದಾಡಿರಬೇಕು. ಆದರೆ ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನು ಮಾರಲೇ ಇಲ್ಲ, ವಿಂಡೋಸ್ ಜೊತೆಗೆ ಪುಕ್ಕಟೆ ಹಂಚಿಬಿಟ್ಟಿತು. ಮಾರಾಟವೇ ಇಲ್ಲವೆಂದ ಮೇಲೆ ಪಾಲೆಲ್ಲಿಂದ ಬರಬೇಕು? ಜಗಳ ನಡೆದು 1997ರಲ್ಲಿ 80 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟೇ ಅಲ್ಲ, ಕಂಪನಿಗಳಿಗೆ ಬ್ರೌಸರ್ ಮಾರಿ ಬದುಕುತ್ತಿದ್ದ ನೆಟ್‌ಸ್ಕೇಪ್‌ನ ಅನ್ನಕ್ಕೂ ಆ ಪುಕ್ಕಟೆ ಹಂಚಿಕೆ ಕಲ್ಲುಹಾಕಿತು.

1995ರಿಂದ ಸುಮಾರು ಮೂರು ವರ್ಷ ಎರಡೂ ಕಡೆಯವರು ಆವೃತ್ತಿಯ ಮೇಲೆ ಆವೃತ್ತಿ ತಂದರು. ಅವರು ಒಂದು ಸೌಲಭ್ಯ ಸೇರಿಸಿದರೆ ಇವರು ಎರಡು. ನೆಟ್‌ಸ್ಕೇಪ್ ಅಕ್ಷರಗಳನ್ನು ಮಿಣಮಿಣ ಮಿನುಗಿಸುವ ‘ಬ್ಲಿಂಕ್’ ತಂದರೆ, ಮೈಕ್ರೋಸಾಫ್ಟ್ ಸಾಲುಗಳನ್ನು ಎಡಕ್ಕೆ ಓಡಿಸುವ ‘ಮಾರ್ಕ್ವೀ’ ತಂದಿತು. ಬ್ಲಿಂಕ್ ಸತ್ತು ಎಷ್ಟೋ ವರ್ಷವಾಯಿತು. ಮಾರ್ಕ್ವೀ ಮಾತ್ರ ನಮ್ಮ ಸರ್ಕಾರಿ ಜಾಲತಾಣಗಳಲ್ಲಿ ಟೆಂಡರ್ ಪ್ರಕಟಣೆಗಳನ್ನು ಹೊತ್ತು ಬಹುಕಾಲ ಓಡಿತು. ಒಂದು ಬ್ರೌಸರ್‌ಗೆಂದು ಬರೆದ ಪುಟ ಇನ್ನೊಂದರಲ್ಲಿ ಒಡೆದುಹೋಗುತ್ತಿತ್ತು. ಈ ತಾಣವನ್ನು ಇಂಥ ಬ್ರೌಸರ್‌ನಲ್ಲೇ ನೋಡಿ ಎಂಬ ಪಟ್ಟಿಯನ್ನು ಪುಟದ ಕೆಳಗೆ ಅಂಟಿಸುವುದು ವಾಡಿಕೆಯಾಯಿತು.

ಕನ್ನಡಕ್ಕೂ ಇದರ ಬಿಸಿ ತಟ್ಟಿತು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಒಂದೊಂದು ತಾಣಕ್ಕೂ ಒಂದೊಂದು ಫಾಂಟ್. ಓದುಗ ಅದನ್ನು ಇಳಿಸಿಕೊಂಡು ಸ್ಥಾಪಿಸಿಕೊಳ್ಳದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ರಾಶಿ. ಇದಕ್ಕೆ ಪರಿಹಾರವಾಗಿ ಪುಟದ ಜೊತೆಗೇ ಫಾಂಟ್ ಕಳಿಸುವ ತಂತ್ರ ಬಂತು. ಆದರೆ ಮೈಕ್ರೋಸಾಫ್ಟ್ ಒಂದು ಬಗೆಯ ಫಾಂಟ್ ಕಡತವನ್ನು ಒಪ್ಪಿದರೆ ನೆಟ್‌ಸ್ಕೇಪ್ ಇನ್ನೊಂದು ಬಗೆಯದನ್ನು ಒಪ್ಪುತ್ತಿತ್ತು. ಎರಡನ್ನೂ ಸಿದ್ಧಪಡಿಸುವ ತಾಳ್ಮೆ ಎಷ್ಟು ಜನಕ್ಕೆ? ಭಾರತೀಯ ಭಾಷೆಗಳ ಎಷ್ಟೋ ತಾಣಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಓದಲು ಬರುತ್ತಿದ್ದವು. ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಎಂಬ ಯೂನಿಕೋಡ್ ಫಾಂಟ್ ಬಂದ ಮೇಲೂ ತೊಡಕು ಪೂರ್ತಿ ತೀರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಯ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಿ, ವಿಂಡೋಸ್ ಸಿ.ಡಿ. ತೂರಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲೇ ನಿಂತು ಹಠ ಮಾಡುತ್ತಿದ್ದವು.

1998ರ ಮೇ 18ರಂದು ಅಮೆರಿಕದ ನ್ಯಾಯಾಂಗ ಇಲಾಖೆ ಮತ್ತು ಇಪ್ಪತ್ತು ರಾಜ್ಯಗಳು ಮೈಕ್ರೋಸಾಫ್ಟ್ ವಿರುದ್ಧ ದಾವೆ ಹೂಡಿದವು. ವಿಂಡೋಸ್ ಮೇಲಿನ ಏಕಸ್ವಾಮ್ಯವನ್ನು ಬಳಸಿ ಎದುರಾಳಿ ಬ್ರೌಸರ್ ಅನ್ನು ತುಳಿಯಲಾಗಿದೆ ಎಂಬುದು ಆರೋಪ. ಬಿಲ್ ಗೇಟ್ಸ್ ಹೇಳಿಕೆಯನ್ನು ವಿಡಿಯೊದಲ್ಲಿ ದಾಖಲಿಸಿದ್ದರು. ಸರಳ ಪದಗಳಿಗೂ ಅರ್ಥ ಕೇಳುತ್ತ, ನೆನಪಿಲ್ಲ ಎನ್ನುತ್ತ ಕುರ್ಚಿಯಲ್ಲಿ ತೂಗಾಡುವ ಗೇಟ್ಸ್ ಅವರನ್ನು ನೋಡಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಅವರೇ ನಕ್ಕರಂತೆ. ಕಂಪನಿಯನ್ನು ಎರಡು ಹೋಳು ಮಾಡಿ ಎಂದು 2000ದ ಜೂನ್‌ನಲ್ಲಿ ಅವರು ಆದೇಶಿಸಿದರು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು. ಏಕಸ್ವಾಮ್ಯದ ದುರುಪಯೋಗ ನಡೆದದ್ದನ್ನು ಮಾತ್ರ ಎತ್ತಿಹಿಡಿಯಿತು. ಕೊನೆಗೆ ರಾಜಿ.

ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು. 1998ರ ನವೆಂಬರ್‌ನಲ್ಲಿ ಎಒಎಲ್ ಕಂಪನಿ 420 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ನೆಟ್‌ಸ್ಕೇಪ್ ಕೊಳ್ಳುವುದಾಗಿ ಘೋಷಿಸಿತು. ಸೋಲಿಗೆ ಮೈಕ್ರೋಸಾಫ್ಟ್ ಒಂದನ್ನೇ ದೂರಿದರೆ ಅನ್ಯಾಯವಾದೀತು. ನೆಟ್‌ಸ್ಕೇಪ್‌ನ ನಾಲ್ಕನೆಯ ಆವೃತ್ತಿ ಭಾರವಾಗಿತ್ತು, ಆಗಾಗ ಕುಸಿಯುತ್ತಿತ್ತು. ಐದನೆಯ ಆವೃತ್ತಿ ಹೊರಬರಲೇ ಇಲ್ಲ. ಎಲ್ಲವನ್ನೂ ಹೊಸದಾಗಿ ಬರೆಯಲು ಕೂತು ತಂದ ಆರನೆಯ ಆವೃತ್ತಿ 2000ದಲ್ಲಿ ಅರೆಬೆಂದ ಸ್ಥಿತಿಯಲ್ಲೇ ಹೊರಬಂತು. ಆದರೆ ಸಾಯುವ ಮುನ್ನ ಆ ಕಂಪನಿ ಒಂದು ದೊಡ್ಡ ಕೆಲಸ ಮಾಡಿತ್ತು: 1998ರ ಮಾರ್ಚ್ 31ರಂದು ತನ್ನ ಬ್ರೌಸರ್‌ನ ಮೂಲ ಸಂಕೇತವನ್ನು ಜಗತ್ತಿಗೇ ಬಿಟ್ಟುಕೊಟ್ಟಿತು. ಆ ಯೋಜನೆಗೆ ಡೈನೋಸಾರ್ ಗೊಂಬೆಯ ಹೆಸರನ್ನೇ ಇಟ್ಟರು.

2001ರ ಆಗಸ್ಟ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬಂತು. ವೆಬ್ ನೋಡುವ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಯಾವುದಾದರೊಂದು ಆವೃತ್ತಿಯನ್ನೇ ಬಳಸುವಂತಾಯಿತು. ಎದುರಾಳಿಯೇ ಇಲ್ಲವಾದ ಮೇಲೆ ಕೆಲಸವೇನು? ಬ್ರೌಸರ್ ತಂಡ ಕರಗಿತು. ಏಳನೆಯ ಆವೃತ್ತಿಗೆ ಜನ ಐದು ವರ್ಷ ಕಾದರು. ಆ ವರ್ಷಗಳಲ್ಲಿ ಪಾಪ್‌ಅಪ್ ಜಾಹೀರಾತುಗಳು ಒಂದರ ಹಿಂದೊಂದು ಚಿಮ್ಮುತ್ತಿದ್ದವು, ಕೇಳದೆಯೇ ಟೂಲ್‌ಬಾರ್‌ಗಳು ಬಂದು ಅಂಟಿಕೊಳ್ಳುತ್ತಿದ್ದವು. ಆಕ್ಟಿವ್‌ಎಕ್ಸ್ ಎಂಬ ಮೈಕ್ರೋಸಾಫ್ಟ್ ತಂತ್ರಜ್ಞಾನ ಜಾಲತಾಣಗಳಿಗೆ ಕಂಪ್ಯೂಟರಿನ ಒಳಮನೆಯವರೆಗೂ ಪ್ರವೇಶ ಕೊಡುತ್ತಿದ್ದುದರಿಂದ ವೈರಸ್‌ಗಳಿಗೆ ಹಬ್ಬ.

ಆಕ್ಟಿವ್‌ಎಕ್ಸ್‌ನ ಅತಿ ದೊಡ್ಡ ಸೆರೆಯಾಳು ದಕ್ಷಿಣ ಕೊರಿಯಾ. 1990ರ ದಶಕದ ಕೊನೆಯಲ್ಲಿ ಆ ದೇಶ ಸೀಡ್ ಎಂಬ ತನ್ನದೇ ಗೂಢಲಿಪಿ ವಿಧಾನ ರೂಪಿಸಿ, ಬ್ಯಾಂಕು ಮತ್ತು ಸರ್ಕಾರಿ ತಾಣಗಳಲ್ಲಿ ಅದನ್ನು ಆಕ್ಟಿವ್‌ಎಕ್ಸ್ ಮೂಲಕ ಜಾರಿಗೆ ತಂದಿತು. ಪರಿಣಾಮ, ಜಗತ್ತಿನ ಅತಿ ವೇಗದ ಇಂಟರ್ನೆಟ್ ಇದ್ದ ದೇಶವೊಂದು ಹಣ ಕಳಿಸಬೇಕೆಂದರೆ ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನೇ ತೆರೆಯಬೇಕಾದ ಸ್ಥಿತಿ ಬಹಳ ವರ್ಷ ಮುಂದುವರಿಯಿತು. 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ನಿವೃತ್ತಿ ಕೊಟ್ಟಾಗ, ಕೊರಿಯಾದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು 4,30,000 ವಾನ್ ಖರ್ಚು ಮಾಡಿ ಗ್ಯೋಂಗ್ಜು ನಗರದ ಕೆಫೆಯೊಂದರ ತಾರಸಿಯ ಮೇಲೆ ಅದಕ್ಕೊಂದು ಗೋರಿಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ‘ಇ’ ಅಕ್ಷರ, ಅದರ ಕೆಳಗೆ ಒಂದು ಸಾಲು: ಬೇರೆ ಬ್ರೌಸರ್‌ಗಳನ್ನು ಡೌನ್‌ಲೋಡ್ ಮಾಡಿಕೊಳ್ಳಲು ಇದು ಒಳ್ಳೆಯ ಸಾಧನವಾಗಿತ್ತು.

ಹಾಗೆ ಡೌನ್‌ಲೋಡ್ ಮಾಡಿಕೊಳ್ಳಬಹುದಾದ ಮೊದಲ ಗಟ್ಟಿ ಬ್ರೌಸರ್ ಎಂದರೆ ಫೈರ್‌ಫಾಕ್ಸ್. ಮೊಜಿಲ್ಲಾ ಯೋಜನೆಯ ಭಾರೀ ತಂತ್ರಾಂಶದಿಂದ ಬೇಸತ್ತ ಬ್ಲೇಕ್ ರಾಸ್, ಡೇವ್ ಹಯಾಟ್ ಮುಂತಾದವರು ಬ್ರೌಸರ್ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಹಗುರ ಮಾಡಿದರು. ಫೀನಿಕ್ಸ್, ಫೈರ್‌ಬರ್ಡ್ ಎಂಬ ಹೆಸರುಗಳನ್ನು ದಾಟಿ 2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಬಂತು. ಒಂದೇ ಕಿಟಕಿಯಲ್ಲಿ ಹಲವು ಟ್ಯಾಬ್, ಪಾಪ್‌ಅಪ್‌ಗೆ ತಡೆ, ಬೇಕಾದ ಸೌಲಭ್ಯ ಸೇರಿಸಿಕೊಳ್ಳಲು ಆಡ್‌ಆನ್‌ಗಳು. ಜಾಹೀರಾತಿಗೆ ದುಡ್ಡಿಲ್ಲದಿದ್ದರಿಂದ ಬಳಕೆದಾರರೇ ಚಂದಾ ಎತ್ತಿದರು. ಡಿಸೆಂಬರ್ 16ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಎರಡು ಪೂರ್ಣ ಪುಟಗಳಲ್ಲಿ ಫೈರ್‌ಫಾಕ್ಸ್ ಚಿಹ್ನೆಯ ಹಿಂದೆ ಸಾವಿರಾರು ದಾನಿಗಳ ಹೆಸರು ಇರುವೆಸಾಲಿನಂತೆ ಅಚ್ಚಾಗಿತ್ತು. 2008ರ ಜೂನ್‌ನಲ್ಲಿ ಮೂರನೆಯ ಆವೃತ್ತಿ ಬಂದಾಗ ಇಪ್ಪತ್ತನಾಲ್ಕು ಗಂಟೆಯೊಳಗೆ 80,02,530 ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆ ಸೇರಿತು. ಲಿನಕ್ಸ್ ಕಂಪ್ಯೂಟರುಗಳಲ್ಲಿ ಭಾರತೀಯ ಲಿಪಿಗಳು ಸರಿಯಾಗಿ ಮೂಡತೊಡಗಿದ್ದೂ ಈ ಆವೃತ್ತಿಯ ಹೊತ್ತಿಗೆ. ಸ್ವಯಂಸೇವಕರ ದುಡಿಮೆಯಿಂದ ಮೆನುಗಳೆಲ್ಲ ಕನ್ನಡದಲ್ಲಿರುವ ಫೈರ್‌ಫಾಕ್ಸ್ ಕೂಡ ಸಿಕ್ಕಿತು.

ಇದರ ಪಕ್ಕದಲ್ಲಿ ಸದಾ ಮೆಚ್ಚುಗೆ ಗಳಿಸಿ ಎಂದೂ ಗೆಲ್ಲದ ನಾರ್ವೆಯ ಒಪೆರಾವನ್ನು ಇಟ್ಟು ನೋಡಬೇಕು. ಟೆಲಿಫೋನ್ ಕಂಪನಿಯ ಪ್ರಯೋಗಾಲಯದಲ್ಲಿ ಯೋನ್ ಫಾನ್ ಟೆಚ್ನರ್ ಮತ್ತು ಗೈರ್ ಐವರ್ಸೇ ಶುರುಮಾಡಿದ ಈ ಬ್ರೌಸರ್‌ನಲ್ಲಿ ಒಂದೇ ಕಿಟಕಿಯೊಳಗೆ ಹಲವು ಪುಟ ತೆರೆಯುವ ಅನುಕೂಲ ಇತರರಿಗಿಂತ ಬಹಳ ಮೊದಲೇ ಇತ್ತು. ಆದರೆ 2005ರವರೆಗೂ ಅದಕ್ಕೆ ದುಡ್ಡು ಕೊಡಬೇಕಿತ್ತು, ಇಲ್ಲವೇ ಜಾಹೀರಾತು ಸಹಿಸಬೇಕಿತ್ತು. ಎಂಟನೆಯ ಆವೃತ್ತಿ ನಾಲ್ಕು ದಿನದಲ್ಲಿ ಹತ್ತು ಲಕ್ಷ ಡೌನ್‌ಲೋಡ್ ದಾಟಿದರೆ ನಾರ್ವೆಯಿಂದ ಅಮೆರಿಕಕ್ಕೆ ಈಜಿಕೊಂಡು ಹೋಗುತ್ತೇನೆ ಎಂದು ಟೆಚ್ನರ್ ಬಾಯಿ ಜಾರಿಸಿದರು. ದಾಟಿಯೇಬಿಟ್ಟಿತು. ಪಾಪ, ನೀರಿಗೂ ಇಳಿದರು; ಜೊತೆಗಿದ್ದ ಸಹೋದ್ಯೋಗಿಯ ರಬ್ಬರ್ ದೋಣಿ ತೂತಾದ್ದರಿಂದ ಪ್ರಯಾಣ ಅಲ್ಲಿಗೇ ನಿಂತಿತು ಎಂದು ಕಂಪನಿ ಗಂಭೀರವಾಗಿ ಪ್ರಕಟಣೆ ಹೊರಡಿಸಿತು.

ಕಂಪ್ಯೂಟರಿನಲ್ಲಿ ಸೋತ ಒಪೆರಾ ನಮ್ಮ ಕಡೆ ಫೋನಿನಲ್ಲಿ ಗೆದ್ದಿತು. ನೋಕಿಯಾ ಕೀಪ್ಯಾಡ್ ಫೋನು, ಆಮೆವೇಗದ 2ಜಿ, ಕೆ.ಬಿ. ಲೆಕ್ಕದಲ್ಲಿ ಕರೆನ್ಸಿ ನುಂಗುವ ಡೇಟಾ: ಆ ಕಾಲಕ್ಕೆ ಒಪೆರಾ ಮಿನಿ ವರದಾನವಾಯಿತು. ಪುಟವನ್ನು ಫೋನು ನೇರವಾಗಿ ತರುತ್ತಿರಲಿಲ್ಲ. ಒಪೆರಾ ಕಂಪನಿಯ ಸರ್ವರ್ ಅದನ್ನು ತರಿಸಿಕೊಂಡು, ಹಿಂಡಿ ಸಣ್ಣದು ಮಾಡಿ ಕಳಿಸುತ್ತಿತ್ತು. ಅಂದಿನ ಹೆಚ್ಚಿನ ಫೋನುಗಳಲ್ಲಿ ಕನ್ನಡದ ಅಕ್ಷರಗಳಿಗೆ ಬದಲಾಗಿ ಖಾಲಿ ಚೌಕಗಳು ಕಾಣುತ್ತಿದ್ದವು. ಇದಕ್ಕೊಂದು ಗುಟ್ಟಿನ ಮದ್ದು ಬಾಯಿಂದ ಬಾಯಿಗೆ ಹರಡಿತ್ತು. ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಟೈಪಿಸಿದರೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದರ ಕೊನೆಯ ಕಡೆ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಎಂಬಲ್ಲಿ ‘ಯೆಸ್’ ಒತ್ತಿ ಉಳಿಸಬೇಕು. ಆಮೇಲೆ ಸರ್ವರ್ ಕನ್ನಡದ ಪದಗಳನ್ನು ಚಿತ್ರಗಳನ್ನಾಗಿಸಿ ಕಳಿಸುತ್ತಿತ್ತು. ಪುಟ ನಿಧಾನವಾಗುತ್ತಿತ್ತು, ಡೇಟಾ ಹೆಚ್ಚು ತಿನ್ನುತ್ತಿತ್ತು. ಆದರೂ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಕನ್ನಡ ಓದಬಹುದಿತ್ತು. 2012ರ ನಂತರದ ಆಂಡ್ರಾಯ್ಡ್ ಫೋನುಗಳು ಕನ್ನಡವನ್ನು ತಾವೇ ತೋರಿಸತೊಡಗಿದ ಮೇಲೆ ಈ ಮದ್ದು ಬೇಡವಾಯಿತು.

ಬೆಂಗಳೂರಿನಿಂದಲೂ ಒಂದು ಪ್ರಯತ್ನ ನಡೆಯಿತು. 2010ರ ಜುಲೈನಲ್ಲಿ ಹಿಡನ್ ರಿಫ್ಲೆಕ್ಸ್ ಎಂಬ ಇಲ್ಲಿನ ಕಂಪನಿ ಫೈರ್‌ಫಾಕ್ಸ್ ಆಧಾರದ ಮೇಲೆ ಎಪಿಕ್ ಎಂಬ ಬ್ರೌಸರ್ ತಂದಿತು. ಭಾರತೀಯ ಭಾಷೆಗಳಲ್ಲಿ ಟೈಪಿಸುವ ಸೌಲಭ್ಯ, ಒಳಗೇ ವೈರಸ್ ತಡೆ ಎಲ್ಲವೂ ಇತ್ತು. ಕೆಲವು ವರ್ಷಗಳಲ್ಲಿ ಅದು ತನ್ನ ದೇಶಿ ವೇಷ ಕಳಚಿ, ಗೂಗಲ್‌ನ ಕ್ರೋಮ್ ಬ್ರೌಸರ್‌ನ ತಳಹದಿಗೆ ಹೊರಳಿ, ಖಾಸಗಿತನ ಕಾಯುವ ಬ್ರೌಸರ್ ಆಯಿತು.

ಕ್ರೋಮ್‌ನ ಪ್ರವೇಶವೇ ನಾಟಕೀಯ. ಬ್ರೌಸರ್ ಮಾಡೋಣವೆಂದು ಗೂಗಲ್ ಸ್ಥಾಪಕರು ಆರು ವರ್ಷ ಒತ್ತಾಯಿಸಿದರೂ ಮುಖ್ಯಸ್ಥ ಎರಿಕ್ ಷ್ಮಿಟ್ ಒಪ್ಪಿರಲಿಲ್ಲ. ಮೈಕ್ರೋಸಾಫ್ಟ್‌ನ ಏಟು ತಿಂದವರನ್ನು ಕಣ್ಣಾರೆ ಕಂಡಿದ್ದರು. ಸ್ಥಾಪಕರು ಫೈರ್‌ಫಾಕ್ಸ್‌ನ ಕೆಲವು ಪ್ರಮುಖರನ್ನು ಕೆಲಸಕ್ಕೆ ಸೇರಿಸಿಕೊಂಡು ಮಾದರಿಯೊಂದನ್ನು ಮಾಡಿಸಿದರು. ಅದನ್ನು ನೋಡಿದ ಷ್ಮಿಟ್ ಮನಸ್ಸು ಬದಲಿಸಿದರು. ಹೊಸ ಬ್ರೌಸರ್ ಏಕೆ ಬೇಕೆಂದು ವಿವರಿಸಲು ಗೂಗಲ್ ವ್ಯಂಗ್ಯಚಿತ್ರಕಾರ ಸ್ಕಾಟ್ ಮೆಕ್‌ಕ್ಲೌಡ್ ಅವರಿಂದ ಕಾಮಿಕ್ ಪುಸ್ತಕ ಬರೆಸಿತು. ಅದು ನಿಗದಿತ ದಿನಕ್ಕೆ ಮುಂಚೆಯೇ ಹೊರಬಿದ್ದು ಗುಟ್ಟು ರಟ್ಟಾಯಿತು. 2008ರ ಸೆಪ್ಟೆಂಬರ್ 2ರಂದು ಬಿಡುಗಡೆ. ವೇದಿಕೆಯ ಮೇಲೆ ನಿಂತು ಪರಿಚಯಿಸಿದವರಲ್ಲಿ ಪ್ರಮುಖರು ಸುಂದರ್ ಪಿಚೈ. ಏಳು ವರ್ಷದ ನಂತರ ಅವರು ಗೂಗಲ್‌ನ ಮುಖ್ಯಸ್ಥರಾದುದಕ್ಕೆ ಕ್ರೋಮ್‌ನ ಗೆಲುವೂ ಒಂದು ಕಾರಣ.

ಕ್ರೋಮ್ ನಿಜಕ್ಕೂ ಒಳ್ಳೆಯ ಬ್ರೌಸರ್ ಆಗಿತ್ತು. ಪ್ರತಿ ಟ್ಯಾಬನ್ನೂ ಪ್ರತ್ಯೇಕವಾಗಿ ಓಡಿಸುತ್ತಿದ್ದುದರಿಂದ ಒಂದು ಪುಟ ಕೈಕೊಟ್ಟರೆ ಉಳಿದವು ಬೀಳುತ್ತಿರಲಿಲ್ಲ. ಡೆನ್ಮಾರ್ಕಿನ ಲಾರ್ಸ್ ಬಾಕ್ ತಂಡ ಕಟ್ಟಿದ ವಿ8 ಎಂಜಿನ್ ಜಾವಾಸ್ಕ್ರಿಪ್ಟನ್ನು ನಾಗಾಲೋಟದಲ್ಲಿ ಓಡಿಸಿತು. ವಿಳಾಸ ಮತ್ತು ಹುಡುಕಾಟಕ್ಕೆ ಒಂದೇ ಪೆಟ್ಟಿಗೆ. ಗೊತ್ತೇ ಆಗದಂತೆ ಹೊಸದಾಗುತ್ತಿದ್ದ ಆವೃತ್ತಿಗಳು. ಪುಟ ಮೂಡಿಸುವ ಎಂಜಿನ್ ಮಾತ್ರ ಎರವಲು: ಲಿನಕ್ಸ್ ಲೋಕದ ಕೆಡಿಇ ಸ್ವಯಂಸೇವಕರು ಬರೆದ ಕೆಎಚ್‌ಟಿಎಂಎಲ್ ಅನ್ನು ಆ್ಯಪಲ್ ಎತ್ತಿಕೊಂಡು 2003ರಲ್ಲಿ ಸಫಾರಿ ಮಾಡಿತ್ತು, ಅದರ ವೆಬ್‌ಕಿಟ್ ಅನ್ನು ಗೂಗಲ್ ಎತ್ತಿಕೊಂಡಿತು, 2013ರಲ್ಲಿ ಕವಲೊಡೆದು ಬ್ಲಿಂಕ್ ಎಂದು ಹೆಸರಿಟ್ಟಿತು. ಹೆಸರಿನಲ್ಲಿ ಮಿನುಗುವ ಆ ಹಳೆಯ ಬ್ಲಿಂಕ್‌ನ ನೆನಪೂ ಇದೆ.

ಆದರೆ ಗುಣವೊಂದೇ ಕ್ರೋಮನ್ನು ಗೆಲ್ಲಿಸಲಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಜನ ನೋಡುವ ಗೂಗಲ್ ಮುಖಪುಟದಲ್ಲಿ ಅದರ ಜಾಹೀರಾತಿತ್ತು. ಬೇರೆ ತಂತ್ರಾಂಶ ಸ್ಥಾಪಿಸುವಾಗ ಕ್ರೋಮ್ ಕೂಡ ಸದ್ದಿಲ್ಲದೆ ಜೊತೆಗೆ ಬರುತ್ತಿತ್ತು. ಮುಂದೆ ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಕೂತು ಬಂತು. ಸ್ಟ್ಯಾಟ್‌ಕೌಂಟರ್ ಲೆಕ್ಕದಂತೆ 2012ರ ಮೇ ತಿಂಗಳಲ್ಲಿ ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನು ಹಿಂದಿಕ್ಕಿತು. ಮೈಕ್ರೋಸಾಫ್ಟ್ 2015ರಲ್ಲಿ ಎಡ್ಜ್ ಎಂಬ ಹೊಸ ಬ್ರೌಸರ್ ತಂದು ಮೂರೇ ವರ್ಷಕ್ಕೆ ಕೈಚೆಲ್ಲಿತು. 2020ರ ಜನವರಿಯಲ್ಲಿ ಬಂದ ಎಡ್ಜ್ ಒಳಗೆ ಇರುವುದು ಗೂಗಲ್‌ನ ಕ್ರೋಮಿಯಂ, ಅಂದರೆ ಕ್ರೋಮ್ ನಿಂತಿರುವ ತಳಹದಿಯೇ.

ಹಾಗಾಗಿ ಇಂದು ಬ್ರೌಸರ್‌ಗಳನ್ನು ಹೋಲಿಸುವುದೆಂದರೆ ಹೊರಗಿನ ಬಣ್ಣವನ್ನು ಹೋಲಿಸಿದಂತೆ ಆಗುವುದುಂಟು. ಎಡ್ಜ್‌ನ ಲಂಬ ಟ್ಯಾಬ್‌ಗಳು, ಟೆಚ್ನರ್ ಒಪೆರಾ ತೊರೆದು ಕಟ್ಟಿದ ವಿವಾಲ್ಡಿಯಲ್ಲಿನ ಲೆಕ್ಕವಿಲ್ಲದಷ್ಟು ಆಯ್ಕೆಗಳು, ಬ್ರೆಂಡನ್ ಐಕ್ ಮೊಜಿಲ್ಲಾ ಬಿಟ್ಟು ಬಂದು ಶುರುಮಾಡಿದ ಬ್ರೇವ್‌ನ ಜಾಹೀರಾತು ತಡೆ, ಇಂದಿನ ಒಪೆರಾ: ಇವೆಲ್ಲವುಗಳ ಹೊಟ್ಟೆಯಲ್ಲಿ ಓಡುವುದು ಒಂದೇ ಎಂಜಿನ್. ಬೇರೆ ಎಂಜಿನ್ ಇರುವ ದೊಡ್ಡ ಬ್ರೌಸರ್‌ಗಳು ಎರಡೇ, ಸಫಾರಿ ಮತ್ತು ಫೈರ್‌ಫಾಕ್ಸ್. ನಿಜವಾದ ವ್ಯತ್ಯಾಸ ಕಾಣುವುದು ಖಾಸಗಿತನದಲ್ಲಿ. ಮೊಂಟುಲಿಯ ಕುಕಿಯನ್ನು ಜಾಹೀರಾತು ಕಂಪನಿಗಳು ಬೇಹುಗಾರನನ್ನಾಗಿ ಮಾಡಿಕೊಂಡಿದ್ದವು. ಹಾಗೆ ತಾಣದಿಂದ ತಾಣಕ್ಕೆ ಹಿಂಬಾಲಿಸುವ ಕುಕಿಗಳನ್ನು ಸಫಾರಿ 2020ರಲ್ಲಿ ಪೂರ್ತಿ ತಡೆಯಿತು, ಫೈರ್‌ಫಾಕ್ಸ್ 2019ರಿಂದಲೇ ತಡೆಹಾಕತೊಡಗಿತ್ತು. ಎರಡು ವರ್ಷದಲ್ಲಿ ನಾವೂ ತೆಗೆಯುತ್ತೇವೆ ಎಂದು 2020ರಲ್ಲಿ ಮಾತು ಕೊಟ್ಟ ಗೂಗಲ್ ದಿನ ಮುಂದೂಡುತ್ತ ಬಂದು 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಜಾಹೀರಾತು ಮಾರಿ ಬದುಕುವ ಕಂಪನಿಯಿಂದ ಬೇರೆ ನಿರೀಕ್ಷೆ ಇಟ್ಟುಕೊಂಡವರದೇ ತಪ್ಪು.

ನ್ಯಾಯಾಲಯದ ಮೆಟ್ಟಿಲು ಹತ್ತುವ ಸರದಿ ಈಗ ಗೂಗಲ್‌ನದು. ಸಫಾರಿಯಲ್ಲಿ ಗೂಗಲ್ ಹುಡುಕಾಟವೇ ಮೊದಲ ಆಯ್ಕೆಯಾಗಿರಲೆಂದು ಅದು ಆ್ಯಪಲ್‌ಗೆ 2022ರ ಒಂದೇ ವರ್ಷದಲ್ಲಿ 2,000 ಕೋಟಿ ಡಾಲರ್ ಕೊಟ್ಟದ್ದು ವಿಚಾರಣೆಯಲ್ಲಿ ಹೊರಬಂತು. ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸಿಕೊಳ್ಳುವವರು ಎಷ್ಟು ಕಡಿಮೆ ಎಂಬುದಕ್ಕೆ ಇದಕ್ಕಿಂತ ದುಬಾರಿ ಪುರಾವೆ ಬೇಕಿಲ್ಲ. ಹುಡುಕಾಟದಲ್ಲಿ ಗೂಗಲ್ ಅಕ್ರಮವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪಿತ್ತರು. ಕ್ರೋಮನ್ನೇ ಮಾರಿಸಬೇಕೆಂದು ಅಮೆರಿಕ ಸರ್ಕಾರ ಕೇಳಿತು. ಪರ್ಪ್ಲೆಕ್ಸಿಟಿ ಎಂಬ ಕೃತಕ ಬುದ್ಧಿಮತ್ತೆ ಕಂಪನಿ 3,450 ಕೋಟಿ ಡಾಲರಿಗೆ ಕೊಳ್ಳಲು ಮುಂದೆ ಬಂತು.

ಈ ವಿಚಾರಣೆಯಲ್ಲಿ ಗೂಗಲ್ ಪರ ವಾದಕ್ಕೆ ಬಲ ತುಂಬಿದ ಸಾಕ್ಷಿ ಬಂದದ್ದು ಎದುರಾಳಿಯ ಮನೆಯಿಂದ. ಗೂಗಲ್ ಕೊಡುವ ಹಣ ನಿಂತರೆ ಫೈರ್‌ಫಾಕ್ಸ್ ಮುಚ್ಚಿಹೋಗಬಹುದು ಎಂದು ಮೊಜಿಲ್ಲಾದ ಹಣಕಾಸು ಮುಖ್ಯಸ್ಥರು 2025ರ ಮೇ ತಿಂಗಳಲ್ಲಿ ಹೇಳಿಕೆ ಕೊಟ್ಟರು. ಫೈರ್‌ಫಾಕ್ಸ್‌ನ ಆದಾಯದ ಸುಮಾರು ಶೇ 85 ಬರುವುದು ಗೂಗಲ್‌ನಿಂದಲೇ. 2025ರ ಸೆಪ್ಟೆಂಬರ್ 2ರಂದು, ಕ್ರೋಮ್ ಹುಟ್ಟಿ ಸರಿಯಾಗಿ ಹದಿನೇಳು ವರ್ಷ ತುಂಬಿದ ದಿನ, ಮೆಹ್ತಾ ಪರಿಹಾರದ ಆದೇಶ ಹೊರಡಿಸಿದರು. ಬೇರೆಯವರಿಗೆ ಜಾಗವೇ ಸಿಗದಂತೆ ಮಾಡುವ ಒಪ್ಪಂದಗಳಿಗೆ ನಿಷೇಧ ಬಿತ್ತು. ಕ್ರೋಮ್ ಗೂಗಲ್ ಬಳಿಯೇ ಉಳಿಯಿತು. ಮೊದಲ ಆಯ್ಕೆಯ ಜಾಗಕ್ಕಾಗಿ ಹಣ ಕೊಡುವುದಕ್ಕೆ ಅಡ್ಡಿಯಿಲ್ಲ ಎಂದೂ ಅವರು ಹೇಳಿದ್ದರಿಂದ ಆ್ಯಪಲ್‌ಗೂ ಮೊಜಿಲ್ಲಾಕ್ಕೂ ಗೂಗಲ್ ಹಣ ಕೊಡುವ ದಾರಿ ತೆರೆದೇ ಉಳಿಯಿತು.